ಕೆನ್ನೆಮೂಳೆಯ ಏಳನೆಯ ಮಾದರಿ

ಮುಸುಕಿನ ಒಳಮೈಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸುತ್ತ ವಿಶಾಲಾಕ್ಷಿ ಎಡಗೆನ್ನೆಯ ಭಾಗಕ್ಕೆ ಬಂದಿದ್ದಳು. ಅಲ್ಲಿ ಸಂವೇದಕದ ಬೊಟ್ಟುಗಳು ಒತ್ತಾಗಿರುತ್ತವೆ. ಕಣ್ಣಿನ ಕೆಳಗೆ ಹನ್ನೆರಡು, ಮೂಗಿನ ಪಕ್ಕ ಆರು, ದವಡೆಯ ಕೀಲಿನ ಮೇಲೆ ಎಂಟು. ಹಿಂದಿನ ರೋಗಿ ಕೆನ್ನೆಗೆ ಹಚ್ಚಿಕೊಂಡು ಬಂದಿದ್ದ ಶುಂಠಿಗಂಧ ಎರಡು ಬೊಟ್ಟುಗಳ ಸಂದಿಯಲ್ಲಿ ಒಣಗಿ ಕೂತಿತ್ತು. ಅದನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು.

ಹನ್ನೊಂದು ವರ್ಷ ಈ ಮುಸುಕನ್ನು ಒರೆಸಿದವಳಿಗೆ ಯಂತ್ರ ಹೇಳುವ ಮೊದಲೇ ಅರ್ಧ ರೋಗ ತಿಳಿಯುತ್ತಿತ್ತು. ಶುಂಠಿಗಂಧ ಅಂಟಿದ್ದರೆ ಸೈನಸ್. ಲವಂಗದೆಣ್ಣೆ ವಾಸನೆ ಬಂದರೆ ಮೇಲ್ದವಡೆಯ ಹಲ್ಲಿನ ಬೇರು. ಏನೂ ಅಂಟಿರದಿದ್ದರೆ ನರದ ನೋವು, ಆ ನೋವಿನವರು ಕೆನ್ನೆಗೆ ಗಾಳಿಯನ್ನೂ ತಾಕಿಸಿಕೊಳ್ಳುವುದಿಲ್ಲ. ಪೌಡರು ದಪ್ಪಗೆ ಅಂಟಿದ್ದರೆ ಮಾತ್ರ ಅವಳು ಎರಡು ಸಲ ಹತ್ತಿ ಬದಲಿಸಿ ಒರೆಸುತ್ತಿದ್ದಳು, ಮತ್ತು ಏನನ್ನೂ ಯೋಚಿಸುತ್ತಿರಲಿಲ್ಲ.

ಗದಗಿನ ಮುಳಗುಂದ ನಾಕಾದ ಹತ್ತಿರದ ಆ ಮುಖನೋವು ಕೇಂದ್ರಕ್ಕೆ ದಿನಕ್ಕೆ ಮೂವತ್ತು ಜನ ಬರುತ್ತಿದ್ದರು. ಯಂತ್ರದ ಕೆಲಸ ನೋಡಲು ಸರಳ. ರೋಗಿಯನ್ನು ಕುರ್ಚಿಯಲ್ಲಿ ಒರಗಿಸಿ ಮುಖಕ್ಕೆ ಮುಸುಕು ಹೊದಿಸಿದರೆ, ಒಳಗಿನಿಂದ ಗರಿಯಂಥ ಒಂದು ತುದಿ ಬಂದು ಕೆನ್ನೆಮೂಳೆಯನ್ನು ನಾಲ್ಕು ನಿಮಿಷದಲ್ಲಿ ನಲವತ್ತು ಸಲ ಮುಟ್ಟುತ್ತದೆ. ಮುಟ್ಟಿದಾಗಲೆಲ್ಲ ಅಲ್ಲಿನ ನರ ತಾನು ಪಟ್ಟ ನೋವನ್ನು ತೀರ ಸಣ್ಣದಾಗಿ ಮತ್ತೊಮ್ಮೆ ಪಡುತ್ತದೆ. ಆ ಅಲೆಯನ್ನು ಯಂತ್ರ ತನ್ನಲ್ಲಿರುವ ಒಂಬತ್ತು ಮೂಲ ಮಾದರಿಗಳ ಜೊತೆ ಹೋಲಿಸಿ ನೋಡಿ ಕಾರಣವನ್ನು ಬರೆಯುತ್ತದೆ.

ಮಾದರಿಗಳು ಬಂದದ್ದು ಮನುಷ್ಯರಿಂದಲೇ. ಕೇಂದ್ರ ತೆರೆದ ವರ್ಷ, ತಮ್ಮ ನೋವಿಗೆ ಏನು ಕಾರಣವೆಂದು ಖಚಿತವಾಗಿ ಗೊತ್ತಿದ್ದ ಒಂಬತ್ತು ಜನ ಯಂತ್ರಕ್ಕೆ ಮುಖ ಕೊಟ್ಟಿದ್ದರು. ಕೇಂದ್ರದಲ್ಲಿ ಯಾರೂ ಮಾದರಿಗಳನ್ನು ಸಂಖ್ಯೆಯಿಂದ ಕರೆಯುತ್ತಿರಲಿಲ್ಲ. ಮೂರನೆಯದು ಬಾಗಿಲು ಕಾಯುವ ಹುಸೇನಸಾಬರ ಹಲ್ಲು. ನಾಲ್ಕನೆಯದು ಹೂಗಾರ ಅಜ್ಜಿಯ ಕರೆಂಟು, ಆಕೆಯ ನರದ ನೋವು ವಿದ್ಯುತ್ತು ಹೊಡೆದ ಹಾಗೆ ಬರುತ್ತಿತ್ತು. ಐದನೆಯದು ಸ್ವತಃ ಡಾಕ್ಟರ್ ಫರ್ಹಾನಾ ಅವರ ದವಡೆಯ ಕೀಲು. ಓದುವ ಕಾಲದಲ್ಲಿ ನಿದ್ದೆಯಲ್ಲಿ ಹಲ್ಲು ಕಡಿದು ಕೆಡಿಸಿಕೊಂಡದ್ದು. ಏಳನೆಯದು ವಿಶಾಲಕ್ಕನ ಬಚ್ಚಲು.

'ಬಿದ್ದ ಪೆಟ್ಟು' ಎಂದು ಯಂತ್ರ ಬರೆದಾಗಲೆಲ್ಲ ಹುಸೇನಸಾಬರು, ಅಕ್ಕಾ, ನಿಮ್ಮ ಬಚ್ಚಲದಾಗ ಇನ್ನೊಬ್ಬಾಕಿ ಜಾರಿದಳು ನೋಡ್ರಿ ಎನ್ನುತ್ತಿದ್ದರು. ಅವಳೂ ನಗುತ್ತಿದ್ದಳು.

ಮುಸುಕು ಒಣಗುವಷ್ಟರಲ್ಲಿ ಭುವನಾ ಒಳಗೆ ಬಂದಳು. ಬೈಂಡಿಂಗ್ ಪ್ರೆಸ್ಸಿನಲ್ಲಿ ಹಾಳೆ ಮಡಿಚುವ ಕೆಲಸದ ಇಪ್ಪತ್ತಾರರ ಹೆಣ್ಣು. ಒಂಬತ್ತು ತಿಂಗಳಲ್ಲಿ ಇದು ನಾಲ್ಕನೆಯ ಸಲ. ಹಿಂದೆ ಮೂರು ಸಲವೂ ಜೊತೆಗೆ ಅತ್ತೆ ಬಂದಿದ್ದರು, ಇವತ್ತು ತಾಯಿ. ಕಲ್ಲವ್ವ ಎಂದು ಹೆಸರು ಹೇಳಿ ಆಕೆ ಗೋಡೆಯ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತರು.

ಮೊದಲನೆಯ ಸಲ ಬಂದಾಗ ಭುವನಾ ಮುಸುಕಿನೊಳಗಿಂದಲೇ ಪಿಸುಗುಟ್ಟಿದ್ದಳು. "ಬಿದ್ದಿಲ್ರೀ ಅಕ್ಕಾರ. ನನ್ನ ಗಂಡ ಹೊಡದಾನ." ಅತ್ತೆ ಬಾಗಿಲ ಹೊರಗಿದ್ದರು. ವಿಶಾಲಾಕ್ಷಿ, ಅಲುಗಾಡಬ್ಯಾಡವಾ, ಯಂತ್ರ ಹೇಳತೈತಿ ತಡಿ ಎಂದಿದ್ದಳು. ಅದನ್ನು ಬರೆದುಕೊಳ್ಳಲು ಜಾಗವೂ ಇರಲಿಲ್ಲ. ಮೊದಲಿನ ಫಾರ್ಮಿನಲ್ಲಿ 'ರೋಗಿಯ ಹೇಳಿಕೆ' ಎಂಬ ಒಂದು ಚೌಕವಿತ್ತು. ರೋಗಿಗಳು ಸುತ್ತುಬಳಸಿ ಹೇಳುತ್ತಾರೆ, ಸಮಯ ಹಾಳು ಎಂದು ಮೂರನೆಯ ವರ್ಷ ತೆಗೆದುಹಾಕಿದ್ದರು. ಬಗ್ಗಿದರೆ ನೋವು ಹೆಚ್ಚಾಗುತ್ತದೆಯೇ, ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆಯೇ, ಅಗಿಯುವಾಗ ಕಟಕ್ಕೆನ್ನುತ್ತದೆಯೇ, ಮೇಲ್ದುಟಿ ಮರಗಟ್ಟಿದೆಯೇ ಎಂದು ಬೆರಳಿನಿಂದ ಕೆನ್ನೆ ತಟ್ಟಿ ತಟ್ಟಿ ಕೇಳುತ್ತಿದ್ದ ಡಾಕ್ಟರುಗಳ ಕಾಲ ಮುಗಿದಿತ್ತು. ಪೊಲೀಸರಿಗೂ ವಿಮೆಯವರಿಗೂ ಮನೆಯ ಹಿರಿಯರಿಗೂ ಈಗ ಯಂತ್ರದ ಹಾಳೆಯೊಂದೇ ಬೇಕು.

ಆವತ್ತು ಹಾಳೆಯಲ್ಲಿ 'ಬಿದ್ದ ಪೆಟ್ಟು, ಹೋಲಿಕೆ ತೊಂಬತ್ತನಾಲ್ಕು' ಎಂದು ಬಂದಿತ್ತು. ಭುವನಾ ಅದನ್ನು ಎರಡು ಸಲ ಓದಿ ಒಂದು ಥರ ನಕ್ಕಿದ್ದಳು. "ನಮ್ಮತ್ತಿ ಇದಕ್ಕೂ ಹೇಳಿಕೊಟ್ಟಾರೇನ್ರಿ?"

ಇವತ್ತು ಅವಳು ನಗಲಿಲ್ಲ. ಕುರ್ಚಿಯಲ್ಲಿ ತಾನಾಗಿಯೇ ಒರಗಿ, ಕೂದಲನ್ನು ತಾನೇ ಹಿಂದಕ್ಕೆ ಕಟ್ಟಿಕೊಂಡಳು. ಎಡಗಣ್ಣಿನ ಕೆಳಗೆ ಪೌಡರಿನ ಅಡಿಯಲ್ಲಿ ಹಳದಿಗೆ ತಿರುಗಿದ ಊತ ಕಾಣುತ್ತಿತ್ತು. ವಿಶಾಲಾಕ್ಷಿ ಮುಸುಕನ್ನು ಎತ್ತಿದಾಗ, ಯಾರೂ ಏನೂ ಕೇಳದಿದ್ದರೂ, ಭುವನಾ ಹೇಳಿದಳು. "ನಾನ ಬಿದ್ದೀನ್ರಿ. ಮೊದಲಿನ ಸಲಾನೂ ಬಿದ್ದಿದ್ದೆ. ನನಗ ನೆಪ್ಪ ಇರಲಿಲ್ಲ."

ವಿಶಾಲಾಕ್ಷಿಯ ಕೈ ಅರ್ಧದಲ್ಲಿ ನಿಂತಿತು.

"ಹಂಗಂತ ಯಾರ ಹೇಳಿದ್ರು ನಿನಗ?"

ಉತ್ತರ ಕೊಟ್ಟವರು ಕಲ್ಲವ್ವ. ಶುರುವಿಗೆ ನಾನೂ ಮಗಳನ್ನೇ ನಂಬಿದ್ದೆ, ಅಳಿಯನ ಮನೆಗೆ ಹೋಗಿ ಕೂಗಾಡಿ ಬಂದಿದ್ದೆ ಎಂದರು. ಆಮೇಲೆ ಹಿರಿಯರು ಕೂತು ಮೂರೂ ಹಾಳೆಗಳನ್ನು ಓದಿಸಿದರಂತೆ. ಮೂರರಲ್ಲೂ ಒಂದೇ ಮಾತು. ಅಳಿಯ ಎಲ್ಲರೆದುರು ಕಣ್ಣಲ್ಲಿ ನೀರು ತಂದುಕೊಂಡನಂತೆ. ನಾಳೆ ಗುರುವಾರ ಸಂಜೆ ಮತ್ತೆ ಕೂಡುತ್ತಾರೆ, ಇವತ್ತಿನ ಹಾಳೆಯನ್ನೂ ನೋಡುತ್ತಾರೆ, ಶುಕ್ರವಾರ ಮಗಳಿಗೆ ಉಡಿ ತುಂಬಿ ಗಂಡನ ಮನೆಗೆ ಕಳಿಸುವುದು. ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಎಲ್ಲ ತಂದಿಟ್ಟಾಗಿತ್ತು.

"ಮನಷ್ಯಾರು ಸುಳ್ಳ ಹೇಳ್ತಾರವ್ವ, ಒಪ್ತೀನಿ," ಎಂದರು ಕಲ್ಲವ್ವ. "ಮಿಷನ್ ಯಾಕ ಹೇಳತೈತಿ? ಅದಕ್ಕೇನ ಗಂಡನ ಮನಿ ಐತೇನು?"

ವಿಶಾಲಾಕ್ಷಿ ಮುಸುಕನ್ನು ಇಳಿಸಿದಳು. ಪರದೆಯ ಮೇಲೆ ಅಲೆಗಳು ಏಳತೊಡಗಿದವು. ಗರಿಯ ತುದಿ ಕೆನ್ನೆಯನ್ನು ಮುಟ್ಟುವುದಕ್ಕೆ ಅರ್ಧ ಸೆಕೆಂಡು ಮುಂಚೆಯೇ ಒಂದು ಸಣ್ಣ ಉಬ್ಬು. ನಲವತ್ತು ಸಲವೂ, ಮುಟ್ಟುವ ಮೊದಲೇ. ಏನೋ ಹತ್ತಿರ ಬರುತ್ತಿದೆ ಎಂದು ತಿಳಿದ ಕೂಡಲೇ ಕೆನ್ನೆ ಬಿಗಿದುಕೊಳ್ಳುತ್ತಿತ್ತು.

ಆ ಉಬ್ಬಿನ ಅರ್ಥ ಅವಳಿಗೆ ಮೂರು ವರ್ಷದಿಂದ ಗೊತ್ತಿತ್ತು. ಸೈಕಲ್ಲಿನಿಂದ ಕಲ್ಲಿನ ಮೇಲೆ ಬಿದ್ದು ಕೆನ್ನೆಮೂಳೆ ಮುರಿದುಕೊಂಡಿದ್ದ ಒಬ್ಬ ಅಂಚೆಯವರು ಬಂದಿದ್ದರು. ಬಿದ್ದದ್ದನ್ನು ಇಡೀ ಬೀದಿಯೇ ನೋಡಿತ್ತು. ಯಂತ್ರ ಮಾತ್ರ 'ಕಾರಣ ಅಸ್ಪಷ್ಟ' ಎಂದು ಬರೆಯಿತು. ಎಲ್ಲರೂ ನಕ್ಕರು. ಅವರ ಅಲೆಯಲ್ಲಿ ಮುಂಚಿನ ಉಬ್ಬು ಇರಲಿಲ್ಲ. ನೆಲ ತನ್ನನ್ನು ಹೊಡೆಯಲು ಬರುತ್ತಿದೆ ಎಂದು ಬೀಳುವವನ ಕೆನ್ನೆಗೆ ಮೊದಲೇ ಗೊತ್ತಿರುವುದಿಲ್ಲ. ಕೈ ಎತ್ತಿದ್ದನ್ನು ದಿನಾ ನೋಡಿದ ಕೆನ್ನೆಗೆ ಗೊತ್ತಿರುತ್ತದೆ. ಏಳನೆಯ ಮಾದರಿಯಲ್ಲಿ ಆ ಉಬ್ಬು ಇತ್ತು, ಅದರ ಹೆಸರು 'ಬಿದ್ದ ಪೆಟ್ಟು' ಎಂದಿತ್ತು. ಯಂತ್ರ ಕಲಿತದ್ದನ್ನೇ ಹೇಳುತ್ತಿತ್ತು.

ಅಂಚೆಯವರು ಹೋದ ದಿನ ಅವಳು ಸುಮ್ಮನಿದ್ದಳು. ಮರುದಿನವೂ. ಆಮೇಲೆ ಸುಮ್ಮನಿರುವುದೇ ಕೆಲಸದ ಒಂದು ಭಾಗವಾಯಿತು.

ಹಾಳೆ ಹೊರಬಂತು. 'ಬಿದ್ದ ಪೆಟ್ಟು, ಹೋಲಿಕೆ ತೊಂಬತ್ತೇಳು.' ಕಲ್ಲವ್ವ ಅದನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡರು. ಬಾಗಿಲ ಬಳಿ ಭುವನಾ ತಿರುಗಿ, ಹೋಗಿ ಬರ್ತೀನ್ರೀ ಅಕ್ಕಾರ ಎಂದಳು, ಮುಖದಲ್ಲಿ ಏನೂ ಇರಲಿಲ್ಲ.

ಊಟದ ಹೊತ್ತಿಗೆ ವಿಶಾಲಾಕ್ಷಿ ಡಾಕ್ಟರ ಕೋಣೆಗೆ ಹೋದಳು. ಆ ಹುಡುಗಿಯನ್ನು ಒಂದು ಸಲ ಒಬ್ಬಳನ್ನೇ ಕೂಡಿಸಿಕೊಂಡು ಕೇಳಬಹುದಿತ್ತು ಎಂದು ತಡೆತಡೆದು ಹೇಳಿದಳು. ಡಾಕ್ಟರ್ ಫರ್ಹಾನಾ ಒಳ್ಳೆಯವರು. ಬುತ್ತಿ ಮುಚ್ಚಿಟ್ಟು ಪೂರ್ತಿ ಕೇಳಿಸಿಕೊಂಡರು.

"ಕೇಳ್ತೀನಿ ವಿಶಾಲಕ್ಕ. ಅಕಿ ಒಂದ ಹೇಳ್ತಾಳ, ಅತ್ತಿ ಇನ್ನೊಂದ ಹೇಳ್ತಾಳ. ಆಮ್ಯಾಲೆ? ಈ ಜಗ್ಗಾಟ ಬ್ಯಾಡ ಅಂತನ ಅಲ್ಲೇನು ಯಂತ್ರ ತಂದದ್ದು?" ಎಂದು ಅವಳ ಭುಜ ಮುಟ್ಟಿ ನಕ್ಕರು. "ಹನ್ನೊಂದ ವರ್ಷದಾಗ ನಿಮ್ಮ ಬಚ್ಚಲ ಒಮ್ಮೇನೂ ತಪ್ಪ ಹೇಳಿಲ್ಲ."

ನಿಜವಾಗಿಯೂ ಆ ಬಚ್ಚಲಿಗೆ ಊರಿನಲ್ಲಿ ದೊಡ್ಡ ಹೆಸರಿತ್ತು. ಈ ಭಾಗದ ಹೆಂಗಸರು ಇಷ್ಟೊಂದು ಜಾರಿ ಬೀಳುತ್ತಾರೆಂದು ಯಂತ್ರದ ಲೆಕ್ಕದಿಂದ ತಿಳಿದು ಒಂದು ಟ್ರಸ್ಟಿನವರು ಮನೆಮನೆಯ ಬಚ್ಚಲಿಗೆ ಜಾರದ ಒರಟು ಕಲ್ಲು ಹಾಸಿಕೊಟ್ಟಿದ್ದರು. ಮೂರು ವಾರ್ಡುಗಳಲ್ಲಿ ಕೆಲಸ ಮುಗಿದಿತ್ತು. ಸಂಖ್ಯೆ ಮಾತ್ರ ಇಳಿದಿರಲಿಲ್ಲ. ಹೆಂಗಸರು ಸೋಪಿನ ನೀರು ಸರಿಯಾಗಿ ತೊಳೆಯುವುದಿಲ್ಲ ಎಂದು ಯಾರೋ ಸಭೆಯಲ್ಲಿ ಹೇಳಿದ್ದರು.

ಬೆಟಗೇರಿಯ ಮನೆಗೆ ಅವಳು ಮರಳಿದಾಗ ಇನ್ನೂ ಬಿಸಿಲಿತ್ತು. ಗಂಡ ಪಂಚಾಕ್ಷರಿ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಅಡುಗೆಯ ಅರ್ಧ ಕೆಲಸ ಅವರದೇ. ಗಾಳಿ ಬಿಟ್ಟೈತಿ, ಕೆನ್ನಿ ಹೆಂಗೈತಿ ಎಂದು ಕೇಳಿದರು. ಚಳಿಗಾಳಿ ಬೀಸಿದರೆ ಅವಳ ಎಡಗೆನ್ನೆ ಇವತ್ತಿಗೂ ಒಳಗಿನಿಂದ ಹಿಂಡುತ್ತದೆ, ಮೇಲ್ದುಟಿಯ ಮೂಲೆ ಮರಗಟ್ಟುತ್ತದೆ. ಅದನ್ನು ಅವಳಿಗಿಂತ ಮೊದಲು ನೆನಪಿಟ್ಟುಕೊಳ್ಳುವವರು ಅವರು. ಟ್ರಸ್ಟಿನವರು ಬಂದಾಗ ಈ ಬೀದಿಯಲ್ಲಿ ಮೊದಲು ಅರ್ಜಿ ಕೊಟ್ಟವರೂ ಅವರೇ. ಆ ಒರಟು ಕಲ್ಲನ್ನು ದಿನಾ ಬೆಳಿಗ್ಗೆ ತಾವೇ ತಿಕ್ಕಿ ಒಣಗಿಸಿದ ಮೇಲೆಯೇ ಅವಳನ್ನು ಸ್ನಾನಕ್ಕೆ ಬಿಡುತ್ತಿದ್ದರು.

ಅವಳು ಕೈಕಾಲು ತೊಳೆದು ಬಂದು ಸೊಪ್ಪಿಗೆ ಕೈ ಹಾಕಿದಳು.

ಹದಿಮೂರು ವರ್ಷಗಳ ಹಿಂದೆ, ಪಂಚಾಕ್ಷರಿಯ ಬಲಗೈ ಅವಳ ಕೆನ್ನೆಯ ಮೇಲೆ ಬಿದ್ದು ಒಳಗೆ ಏನೋ ಮುರಿದ ಸದ್ದಾಗಿತ್ತು. ಅದು ಮೊದಲನೆಯ ಏಟಲ್ಲ. ಏಳು ವರ್ಷದಿಂದ ಆಗಾಗ ನಡೆದೇ ಇತ್ತು. ಆ ದಿನದ ಜಗಳ ಯಾವುದಕ್ಕೆ ಎಂದು ಎಷ್ಟು ಯೋಚಿಸಿದರೂ ಈಗ ನೆನಪಾಗುವುದಿಲ್ಲ. ಬೀಗದ ಕೈಯೋ, ತವರಿನಿಂದ ಬಂದ ಫೋನೋ. ಮಗಳು ಒಳಗೆ ಮಲಗಿದ್ದಳು. ಕಣ್ಣು ಮುಚ್ಚಿಹೋಗುವಷ್ಟು ಊತ ಬಂದಾಗ ಅವರು ಹೆದರಿ ಅವಳನ್ನು ಎತ್ತಿಕೊಂಡು ಆಟೋಗೆ ಓಡಿದ್ದರು. ಆಸ್ಪತ್ರೆಯಲ್ಲಿ ನರ್ಸು ಏನಾಯಿತೆಂದು ಕೇಳಿದಾಗ ಅವರ ಬಾಯಿಂದ ಮಾತು ಹೊರಡಲಿಲ್ಲ. ಬಚ್ಚಲದಾಗ ಜಾರಿ ಬಿದ್ದೆ ಎಂದವಳು ವಿಶಾಲಾಕ್ಷಿಯೇ. ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಅಲ್ಲೇ ಅತ್ತರು. ಆ ದಿನದಿಂದ ಅವರ ಕೈ ಏಳಲಿಲ್ಲ. ಈ ಮನೆ ನಿಂತದ್ದು ಆ ಒಂದು ಮಾತಿನಿಂದ ಎಂದೇ ಅವಳು ತಿಳಿದಿದ್ದಳು. ಮುಂದೆ ನೆರೆಯವರಿಗೆ, ತಾಯಿಗೆ, ಮಗಳಿಗೆ ಅದೇ ಮಾತು. ಎರಡು ವರ್ಷದ ನಂತರ ಯಂತ್ರ ತಂದ ಇಂಜಿನಿಯರು, ನಿಮ್ಮ ನೋವಿಗೆ ಏನು ಕಾರಣ ಮೇಡಂ ಎಂದು ಕೇಳಿದಾಗ ನಾಲಿಗೆ ಅದನ್ನೇ ಹೇಳಿತು. ಹೊಸ ಕೆಲಸ, ಒಂಬತ್ತು ಜನರಲ್ಲಿ ತಾನೂ ಒಬ್ಬಳು ಎಂಬ ಹೆಮ್ಮೆ. ಅದು ಇಷ್ಟು ಜನರ ಮುಖದ ಮೇಲೆ ಹೋಗಿ ಕೂರುತ್ತದೆಂದು ಯಾರಿಗೆ ಗೊತ್ತಿತ್ತು?

ಮಾದರಿಯ ಕಾರಣವನ್ನು ಆ ಮಾದರಿ ಕೊಟ್ಟವರು ಮಾತ್ರ ತಿದ್ದಬಹುದು. ಪ್ರತಿ ವರ್ಷ ಯಂತ್ರವನ್ನು ಸರಿಹೊಂದಿಸುವ ದಿನ ಪರದೆ ಅವಳನ್ನು ಕೇಳುತ್ತದೆ: ಏಳನೆಯ ಮಾದರಿ, ಬಚ್ಚಲಲ್ಲಿ ಬಿದ್ದ ಪೆಟ್ಟು, ಇದು ಸರಿಯೇ? ಹತ್ತು ಸಲ ಅವಳು 'ಸರಿ' ಒತ್ತಿದ್ದಳು. ಬೇಕೆಂದರೆ ಯಾವ ದಿನವಾದರೂ ಕುರ್ಚಿಯಲ್ಲಿ ಕೂತು, ಮುಸುಕು ಹೊದ್ದು, ಹೆಬ್ಬೆಟ್ಟು ಕೊಟ್ಟು ತಿದ್ದಲು ಬರುತ್ತದೆ. ತಿದ್ದಿದ ಗಳಿಗೆಯಲ್ಲೇ ಆ ಮಾದರಿಗೆ ಹೋಲಿಕೆಯಾದ ಎಲ್ಲ ವರದಿಗಳನ್ನು ಯಂತ್ರ ಹೊಸದಾಗಿ ಬರೆದು ಅವರವರ ಫೋನಿಗೆ ಕಳಿಸುತ್ತದೆ. ಸಾವಿರದ ಮುನ್ನೂರಕ್ಕೂ ಹೆಚ್ಚು ವರದಿಗಳಿದ್ದವು. ಅವುಗಳ ಜೊತೆ, ಮಾದರಿ ಕೊಟ್ಟವರ ಮನೆಯವರೆಂದು ನಮೂದಾದ ಸಂಖ್ಯೆಗೂ ಒಂದು ಪ್ರತಿ. ಅವಳ ಕಾಗದದಲ್ಲಿ ಇದ್ದದ್ದು ಪಂಚಾಕ್ಷರಿಯ ಸಂಖ್ಯೆ.

ಎದುರುಮನೆಯ ನೀಲವ್ವ ಮಜ್ಜಿಗೆ ಕೇಳಲು ಬಂದು ಕಟ್ಟೆಯ ಕೆಳಗೆ ನಿಂತಳು. ಮಾತಿಗೆ ಮಾತು ಬಂದು ಪಂಚಾಕ್ಷರಿ, ನಮ್ಮಾಕಿ ಬಚ್ಚಲದಾಗ ಬಿದ್ದಾಗಿಂದ ಈ ಗಾಳಿ ಆಗಿಬರೂದಿಲ್ಲ ನೋಡವಾ ಎಂದು ಶುರುಮಾಡಿದರು. ಬೀದಿಗೆಲ್ಲ ಗೊತ್ತಿರುವ ಕಥೆ. ಆದರೂ ಪ್ರತಿ ಸಲ ಅದಕ್ಕೆ ಒಂದಿಷ್ಟು ಸೇರುತ್ತಿತ್ತು. ಹಂಡೆಯ ಕಂಠಕ್ಕೆ ಕೆನ್ನೆ ಬಡಿದದ್ದು, ಸದ್ದು ಕೇಳಿ ತಾವು ಓಡಿದ್ದು, ಅವಳು ಕಣ್ಣು ತೆರೆಯದೆ ಇದ್ದದ್ದು. ನೀಲವ್ವ ಮಜ್ಜಿಗೆ ತೆಗೆದುಕೊಂಡು ಹೋದಳು.

ವಿಶಾಲಾಕ್ಷಿ ಕೈಯಲ್ಲಿದ್ದ ದಂಟನ್ನು ಕೆಳಗಿಟ್ಟಳು. ಇಷ್ಟು ವರ್ಷ ಅವಳು ಒಂದನ್ನು ನಂಬಿದ್ದಳು: ಇದನ್ನು ಹೇಳುವಾಗ ಅವರೊಳಗೂ ಒಂದು ಮುಳ್ಳು ಆಡುತ್ತಿರುತ್ತದೆ, ಅದಕ್ಕೇ ಆ ಕಲ್ಲು ತಿಕ್ಕುವುದು, ಅದಕ್ಕೇ ಈ ಉಪಚಾರ. ಇಬ್ಬರೂ ಒಂದೇ ಭಾರವನ್ನು ಎರಡು ಕಡೆಯಿಂದ ಹಿಡಿದಿದ್ದೇವೆ ಎಂದು.

"ರೀ," ಎಂದಳು. "ಆವತ್ತ ನಾ ಯಾತಕ್ಕ ಜಾರಿದೆ?"

"ಸೋಪಿನ ಮ್ಯಾಲೆ ಕಾಲಿಟ್ಟೆಲ್ಲ."

"ಯಾವ ಸೋಪ?"

ಅವರು ಒಂದು ಕ್ಷಣವೂ ತಡೆಯಲಿಲ್ಲ. "ಹಸರ ಸೋಪ. ನಿಮ್ಮವ್ವ ಜಾತ್ರಿಗೆ ಬಂದಾಗ ತಂದಿದ್ದಳಲ್ಲ, ಬೇವಿಂದು. ಅರ್ಧ ಸವದಿತ್ತು. ನಾನ ಆಮ್ಯಾಲೆ ಅದನ್ನ ಹಿತ್ತಲಿಗೆ ಒಗದೆ, ಸಿಟ್ಟ ಬಂದು." ಅವಳ ಮುಖ ನೋಡಿ ಅವರ ಕಣ್ಣು ತುಂಬಿದವು. "ಈಗ ಯಾಕ ಅದು? ನಾ ಒಂದೀಟ ಲಗೂ ಬಂದಿದ್ದರ ನಿನ್ನ ಹಿಡಿತಿದ್ದೆ, ವಿಶಾಲಾ. ಇವತ್ತಿಗೂ ಅನಸ್ತೈತಿ."

ಅವಳು ಅವರ ಮುಖದಲ್ಲಿ ಹುಡುಕಿದಳು. ಸುಳ್ಳು ಹೇಳುವವರ ಕಣ್ಣು ಹೇಗಿರುತ್ತದೆಂದು ಅವಳಿಗೆ ಗೊತ್ತು. ದಿನಕ್ಕೆ ಎರಡು ಮೂರು ಜೊತೆ ಕಣ್ಣು ನೋಡುತ್ತಾಳೆ. ಇಲ್ಲಿ ಅಂಥದೇನೂ ಇರಲಿಲ್ಲ. ಆ ಸೋಪನ್ನು ಅವರು ನಿಜವಾಗಿಯೂ ನೋಡುತ್ತಿದ್ದರು, ಅದರ ಹಸಿರನ್ನೂ ಸವೆದ ಅಂಚನ್ನೂ. ಭಾರದ ಆ ಕಡೆಯ ತುದಿಯನ್ನು ಅವರು ಯಾವಾಗಲೋ ಬಿಟ್ಟು ಹೋಗಿದ್ದರು. ಹೋಗುವಾಗ ಹೇಳಿಯೂ ಹೋಗಿರಲಿಲ್ಲ.

ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಸುಲಭವಿತ್ತು. ಎದುರಿಗೆ ಕೂತದ್ದು ಮೆಂತ್ಯದ ಎಲೆ ಒಂದೊಂದೇ ಬಿಡಿಸುವ, ಮಂಡಿನೋವಿನ, ಅವಳಿಗಾಗಿ ಅಳುತ್ತಿರುವ ಮುದುಕ. ಅವರನ್ನು ಕ್ಷಮಿಸಲು ಕೂಡ ಈಗ ದಾರಿಯಿರಲಿಲ್ಲ. ಯಾವುದಕ್ಕೆ ಕ್ಷಮಿಸುವುದು? ಆ ಏಟು ನಡೆದೇ ಇಲ್ಲದ ಊರಿನಲ್ಲಿ ಅವರು ವಾಸವಾಗಿದ್ದರು. ವಿಜಾಪುರದಲ್ಲಿರುವ ಮಗಳು, ಅಪ್ಪನಂಥ ಗಂಡಸು ಇಲ್ಲ ಎಂದು ತನ್ನ ಗಂಡನಿಗೆ ಹೇಳುವವಳು, ಅವಳೂ ಆ ಊರಿನವಳೇ. ಏಟನ್ನು ಕಂಡದ್ದು ಇನ್ನು ಒಂದೇ. ಗಾಳಿ ಬೀಸಿದಾಗ ಹಿಂಡುವ, ಎರಡಂಗುಲ ಅಗಲದ ಒಂದು ಎಲುಬು. ಅದರ ಬಾಯಲ್ಲಿಯೂ ಅವಳು ಬೇರೆ ಮಾತನ್ನೇ ಇಟ್ಟಿದ್ದಳು.

ನೆಪ್ಪ ಇರಲಿಲ್ಲ ಎಂದಿದ್ದಳು ಭುವನಾ. ಹೊಡೆದವನು ಮರೆಯಲು ಹದಿಮೂರು ವರ್ಷ ಬೇಕಾದೀತು. ಹೊಡೆಸಿಕೊಂಡವಳು ಒಂಬತ್ತು ತಿಂಗಳಲ್ಲಿ ಮರೆತಿದ್ದಳು, ಮೂರು ಹಾಳೆಗಳಿಂದ. ಶುಕ್ರವಾರ ತಾಯಿ ಉಡಿಗೆ ಅಕ್ಕಿ ಹಾಕುವಾಗ ಆ ಹುಡುಗಿ ತಲೆ ಬಗ್ಗಿಸಿ ಸೆರಗು ಒಡ್ಡುತ್ತಾಳೆ. ಐದನೆಯ ಸಲ ಅವಳು ಕೇಂದ್ರಕ್ಕೆ ಬರುತ್ತಾಳೆಂದು ಹೇಳುವವರು ಯಾರು? ಬರುವ ಸ್ಥಿತಿಯಲ್ಲಿ ಇರುತ್ತಾಳೆಂದು?

ಪಂಚಾಕ್ಷರಿ ಎದ್ದು ಒಳಗೆ ಹೋಗಿ, ಬಟ್ಟೆಯನ್ನು ಹಂಚಿನ ಮೇಲೆ ಬೆಚ್ಚಗೆ ಮಾಡಿ ತಂದರು. ಕೆನ್ನೆಯ ಹತ್ತಿರ ಅವರ ಕೈ ಬಂದಾಗ ಅವಳ ಮುಖ ಬಿಗಿಯಿತು, ಮುಟ್ಟುವುದಕ್ಕೆ ಅರ್ಧ ಸೆಕೆಂಡು ಮುಂಚೆ, ಎಂದಿನಂತೆ. ಇಷ್ಟು ವರ್ಷ ಅದನ್ನು ಅವರೂ ಗಮನಿಸಿರಲಿಲ್ಲ, ಅವಳೂ ಗಮನಿಸಿಕೊಂಡಿರಲಿಲ್ಲ. ಬಟ್ಟೆ ಬೆಚ್ಚಗಿತ್ತು. ಅವರ ಕೈಯೂ ಬೆಚ್ಚಗಿತ್ತು. ಅವಳು ಆ ಕೈಯ ಮೇಲೆ ತನ್ನ ಕೈ ಇಟ್ಟು ಸ್ವಲ್ಪ ಹೊತ್ತು ಹಾಗೆಯೇ ಕೂತಳು. ಇಂಥ ಸಂಜೆ ಇನ್ನೊಂದು ಸಿಗಲಾರದು ಎಂದು ಗೊತ್ತಿದ್ದವರ ಹಾಗೆ.

ನಾಳೆ ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿದರೆ ಹುಸೇನಸಾಬರು ಬಾಗಿಲು ತೆಗೆಯುವ ಹೊತ್ತಿಗೆ ಕೇಂದ್ರದಲ್ಲಿರಬಹುದು. ಡಾಕ್ಟರು ಬರುವುದು ಒಂಬತ್ತಕ್ಕೆ. ಮುಸುಕು ಹೊದ್ದುಕೊಳ್ಳಲು ನಾಲ್ಕು ನಿಮಿಷ, ಹೆಬ್ಬೆಟ್ಟಿಗೆ ಒಂದು. ಕಾರಣದ ಚೌಕದಲ್ಲಿ ಮೂರು ಪದ ಸಾಕು, ಗಂಡ ಕೈಯಿಂದ ಹೊಡೆದದ್ದು. ಹಿರಿಯರು ಕೂಡುವುದು ಸಂಜೆಗೆ. ಅಷ್ಟರಲ್ಲಿ ಕಲ್ಲವ್ವನ ಸೆರಗಿನ ಗಂಟಿನಲ್ಲಿರುವ ಹಾಳೆಗೆ ಬೆಲೆ ಇರುವುದಿಲ್ಲ.

"ಏನ ವಿಚಾರ ಮಾಡಾಕತ್ತಿ?" ಎಂದರು ಪಂಚಾಕ್ಷರಿ.

ನಾಳೆ ಸ್ವಲ್ಪ ಲಗೂ ಹೋಗುವುದಿದೆ, ರೊಟ್ಟಿ ಬೆಳಿಗ್ಗೆ ಬೇಡ, ಈಗಲೇ ಬಡಿದಿಡುತ್ತೇನೆ ಎಂದಳು.

ಅವರು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದರು. ಅವರ ಫೋನು ಕಟ್ಟೆಯ ಮೇಲೆಯೇ ಉಳಿದಿತ್ತು. ಎಲ್ಲೆಂದರಲ್ಲಿ ಬಿಡುತ್ತಾರೆ, ಮಧ್ಯಾಹ್ನದ ಹೊತ್ತಿಗೇ ಸತ್ತುಹೋಗಿರುತ್ತದೆ. ವಿಶಾಲಾಕ್ಷಿ ಅದನ್ನು ಎತ್ತಿಕೊಂಡು, ಸೆರಗಿನಿಂದ ಗಾಜು ಒರೆಸಿ, ಒಳಗೆ ತಂದು ಚಾರ್ಜಿಗೆ ಹಾಕಿದಳು. ದೀಪ ಹತ್ತಿತೇ ಎಂದು ಬಗ್ಗಿ ನೋಡಿದಳು.